ಕರೆಂಟ್ ಹೋದಾಗ ನಡೆದ ಸಂಶೋಧನೆ

ಸಂಶೋಧನಾ ವಿಧಾನದ ತರಗತಿ ಇರುತ್ತಿದ್ದುದು ಶನಿವಾರ ಮಧ್ಯಾಹ್ನ, ಊಟವಾದ ಕೂಡಲೇ. ಆ ಹೊತ್ತಿಗೆ ಆ ಪಾಠ ಇಟ್ಟವರು ಯಾರೋ, ಅವರಿಗೆ ನಮ್ಮ ಮೇಲೆ ಏನು ಸಿಟ್ಟಿತ್ತೋ. ನಾನು ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ವಾರವಿಡೀ ಪಾಠ ಮಾಡಿ, ಶನಿವಾರದ ಬೆಳಗಿನ ಶಾಲೆಯನ್ನೂ ಮುಗಿಸಿ, ದೇವನಹಳ್ಳಿ ಬಸ್ಸು ಹತ್ತಿ, ಡಬ್ಬಿಯ ಚಿತ್ರಾನ್ನವನ್ನು ಬಸ್ಸಿನಲ್ಲೇ ತಿಂದು ಕಾಲೇಜು ತಲುಪುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಫ್ಯಾನಿನ ಕೆಳಗೆ ಕೂತರೆ ನಿದ್ದೆ ಬರುತ್ತದೆಂದು ಕಿಟಕಿಯ ಪಕ್ಕ, ಬಿಸಿಲು ಬೀಳುವ ಕಡೆ ಕೂರುತ್ತಿದ್ದೆ.

ನಲವತ್ತು ದಾಟಿದ ಮೇಲೆ ಆಪ್ತಸಮಾಲೋಚನೆಯ ಎಂ.ಎಸ್ಸಿ.ಗೆ ಸೇರುವ ಹಟವೇನೂ ನನಗಿರಲಿಲ್ಲ. ನಮ್ಮ ಶಾಲೆಯ ಹುಡುಗಿಯರು ಅಳಬೇಕೆನ್ನಿಸಿದಾಗ ನನ್ನ ಹತ್ತಿರ ಬರುತ್ತಿದ್ದರು. ಗಣಿತದ ಮೇಡಂ ಹತ್ತಿರ ಯಾಕೆ ಬರುತ್ತಿದ್ದರೋ ಗೊತ್ತಿಲ್ಲ. ಸ್ಟಾಫ್ ರೂಮಿಗೆ ಬಂದು ನಿಲ್ಲುತ್ತಿದ್ದರು, ಅಳುತ್ತಿದ್ದರು, ನಾನು ನೀರು ಕೊಡುತ್ತಿದ್ದೆ. ಅದಕ್ಕಿಂತ ಹೆಚ್ಚು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ನಮ್ಮ ಮುಖ್ಯೋಪಾಧ್ಯಾಯಿನಿ, "ನೀವೇ ಆ ಕೋರ್ಸ್ ಮಾಡ್ಬಿಡಿ ಮೇಡಂ, ಹೆಂಗೂ ಎಲ್ರೂ ನಿಮ್ಮತ್ರಾನೇ ಬರ್ತಾರೆ" ಎಂದರು. ತಮಾಷೆಗೆ ಅಂದಿದ್ದರೇನೋ. ನಾನು ಹೋಗಿ ಸೇರಿಬಿಟ್ಟೆ.

ಲೆಕ್ಕಕ್ಕೆ ಹೆದರುವವಳು ನಾನಲ್ಲ. ಸರಾಸರಿ, ವಿಚಲನೆ ಎಂದೊಡನೆ ತರಗತಿಯ ಉಳಿದವರ ಮುಖ ಬಾಡುತ್ತಿತ್ತು, ನನ್ನದಲ್ಲ. ನನ್ನನ್ನು ಸುಸ್ತು ಮಾಡಿದ್ದು ವಿನ್ಯಾಸ. ಒಬ್ಬರ ದುಃಖ ಕಡಿಮೆಯಾಯಿತು ಎಂದರೆ ಅದು ನನ್ನ ಮಾತಿನಿಂದಲೇ ಆಯಿತೆಂದು ಹೇಗೆ ಹೇಳುವುದು? ಹಬ್ಬ ಬಂದಿತ್ತೆಂದು ಆಗಿರಬಹುದು, ಮಗಳು ಊರಿಗೆ ಬಂದಿದ್ದಳೆಂದು ಆಗಿರಬಹುದು, ಸುಮ್ಮನೆ ದಿನ ಕಳೆದಿದ್ದರಿಂದಲೂ ಆಗಿರಬಹುದು. ಅದನ್ನು ಬೇರ್ಪಡಿಸುವುದಕ್ಕೆ ಎರಡು ಗುಂಪು ಬೇಕು. ಒಂದಕ್ಕೆ ನೆರವು ಕೊಡಬೇಕು, ಇನ್ನೊಂದನ್ನು ಹಾಗೇ ಬಿಡಬೇಕು, ಕೊನೆಗೆ ಎರಡನ್ನೂ ಹೋಲಿಸಬೇಕು. ಹಾಗೇ ಬಿಟ್ಟ ಗುಂಪಿಗೆ ಕಂಟ್ರೋಲ್ ಗ್ರೂಪ್ ಎಂದು ಹೆಸರು. ಆ ಗುಂಪಿನವರಿಗೂ ಕೊನೆಯಲ್ಲಿ ನೆರವು ಸಿಗುತ್ತದೆ, ಆದರೆ ಅಲ್ಲಿಯವರೆಗೆ ಅವರು ಕಾಯಬೇಕು.

ಈ ಪಾಠ ಮಾಡುತ್ತಿದ್ದವರೇ ನನ್ನ ಪ್ರಬಂಧಕ್ಕೂ ಗೈಡ್ ಆದರು. ನನಗಿಂತ ಚಿಕ್ಕವರು. ಮನೆಯಲ್ಲಿ ಪುಟ್ಟ ಮಗುವಿತ್ತು. ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಆಕಳಿಸುತ್ತಿದ್ದರು, ನಮಗೆ ಕಾಣಬಾರದೆಂದು. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು, ನಾನೂ ಅವರನ್ನು ಮೇಡಂ ಅನ್ನುತ್ತಿದ್ದೆ.

"ಯಾರ ಮೇಲೆ ಮಾಡ್ತೀರಾ ಮೇಡಂ?" ಎಂದು ಕೇಳಿದರು.

"ನಮ್ಮೂರಲ್ಲಿ ಮಗ್ಗದ ಮನೆಗಳಿವೆ. ಅಲ್ಲಿನ ಹೆಂಗಸರು ನಿದ್ದೆ ಬರಲ್ಲ, ಯೋಚನೆ ಹತ್ತತ್ತೆ ಅಂತಾರೆ. ವಾರಕ್ಕೊಂದ್ಸಲ ಗುಂಪಾಗಿ ಕೂರಿಸ್ಕೊಂಡು ಮಾತಾಡ್ಸೋಣ ಅಂತ."

ಅವರಿಗೆ ಹಿಡಿಸಿತು. ಅಕ್ಕಪಕ್ಕದ ಎರಡು ಬೀದಿಗಳನ್ನು ಆರಿಸಿದೆವು. ಒಂದು ಬೀದಿಯವರಿಗೆ ಕೂಡಲೇ ಕೂಟ, ಇನ್ನೊಂದು ಬೀದಿಯವರಿಗೆ ದೀಪಾವಳಿ ಕಳೆದ ಮೇಲೆ. ಶುರುವಿನಲ್ಲಿ ಎರಡೂ ಬೀದಿಯವರನ್ನು ಪ್ರಶ್ನೆ ಕೇಳಿ ಉತ್ತರ ಗುರುತು ಹಾಕಿಕೊಳ್ಳುವುದು, ಕೊನೆಗೆ ಮತ್ತೊಮ್ಮೆ ಅದನ್ನೇ ಕೇಳುವುದು. ಕಾಲೇಜಿನ ಸಮಿತಿ ಒಪ್ಪಿತು. ಕಾಗದದ ಮೇಲೆ ಬಹಳ ಅಚ್ಚುಕಟ್ಟಾಗಿತ್ತು.

ಕಾಗದದ ಮೇಲೆ ಮಗ್ಗದ ಸದ್ದಿರಲಿಲ್ಲ. ದೊಡ್ಡಬಳ್ಳಾಪುರದಲ್ಲೇ ಇದ್ದುಕೊಂಡು ಅದನ್ನು ನಾನು ಹೇಗೆ ಮರೆತೆನೋ! ಆ ಬೀದಿಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪವರ್‌ಲೂಮ್. ಕರೆಂಟ್ ಇರುವಷ್ಟು ಹೊತ್ತೂ ಲಾಳಿ ಬಡಿಯುತ್ತಲೇ ಇರುತ್ತದೆ. ಹಿಂದಿನ ಕೋಣೆಯಲ್ಲಿ ಅಡುಗೆ, ಮಕ್ಕಳ ಓದು, ಮುದುಕರು ಮಲಗುವುದು ಎಲ್ಲ ಆ ಸದ್ದಿನೊಳಗೇ. ನನ್ನ ಪ್ರಶ್ನೆಗಳೋ ಮೆಲ್ಲಗೆ ಕೇಳಬೇಕಾದಂಥವು. ಅವನ್ನೆಲ್ಲ ನಾನು ಕೂಗಿ ಕೇಳಬೇಕಾಯಿತು.

"ಹೋದ ವಾರ ನಿಮ್ಗೆ ಅಳ್ಬೇಕು ಅನ್ನಿಸ್ತಾ?" ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ.

"ಏನು?"

"ಅಳು! ಅಳು ಬಂತಾ?"

ಎದುರು ಮನೆಯ ಗಂಡಸರು ಜಗಲಿಯಿಂದ ತಿರುಗಿ ನೋಡುತ್ತಿದ್ದರು. ಹೆಂಗಸರು ನಕ್ಕುಬಿಡುತ್ತಿದ್ದರು. "ಇಲ್ಲ ಇಲ್ಲ ಮೇಡಂ, ಅಳು ಯಾಕ್ ಬರತ್ತೆ" ಎನ್ನುತ್ತಿದ್ದರು. ನಾನು "ಎಂದಿಗೂ ಇಲ್ಲ" ಎಂಬಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆ. ಸಂಜೆ ಮನೆಗೆ ಬಂದರೆ ಧ್ವನಿಯೇ ಇರುತ್ತಿರಲಿಲ್ಲ. ಮಾರನೆಯ ದಿನ ಎಂಟನೇ ತರಗತಿಗೆ ಬೀಜಗಣಿತವನ್ನು ಪಿಸುಮಾತಿನಲ್ಲಿ ಹೇಳಿಕೊಟ್ಟೆ.

ಕಾಯಬೇಕಾದ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ಹೆಂಗಸಿದ್ದರು. ನನ್ನ ವಾರಿಗೆಯವರೇ. ಗಂಡ ಮಗ್ಗ ನಡೆಸುತ್ತಿದ್ದರು, ಇವರು ಪಕ್ಕದಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಉಳಿದವರ ಹಾಗೆ ನಗಲಿಲ್ಲ. ನಾನು ಕೂಗುವಾಗ ನನ್ನ ತುಟಿಯನ್ನೇ ನೋಡುತ್ತಿದ್ದರು. ಎಲ್ಲ ಪ್ರಶ್ನೆಗೂ ತಲೆಯಾಡಿಸಿ ಉತ್ತರ ಕೊಟ್ಟರು. ಎದ್ದು ಹೊರಟಾಗ ಬಾಗಿಲವರೆಗೆ ಬಂದು, "ಮೇಡಂ, ಒಂದ್ ಮಾತ್ ಹೇಳ್ಬೇಕಿತ್ತು" ಎಂದರು. ಅಷ್ಟರಲ್ಲಿ ಒಳಗೆ ಎಳೆ ಹರಿಯಿತು ಎಂದು ಗಂಡ ಕೈ ಬೀಸಿ ಕರೆದರು. ಅವರು ಓಡಿದರು.

ಮೊದಲ ಬೀದಿಯ ಕೂಟಗಳು ಶುರುವಾದವು. ಒಬ್ಬರ ಮನೆಯ ಮಹಡಿಯ ಮೇಲೆ, ಶೀಟಿನ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದೆವು. ಭಾನುವಾರ ಬೆಳಿಗ್ಗೆ ನನ್ನ ಗಂಡ ಕೈಗಾರಿಕಾ ಪ್ರದೇಶದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಮಲಗುತ್ತಿದ್ದರು, ನಾನು ಅಡುಗೆ ಮಾಡಿಟ್ಟು ಹೊರಡುತ್ತಿದ್ದೆ. ನಾವಿಬ್ಬರೂ ಒಟ್ಟಿಗೆ ಕೂತು ಊಟ ಮಾಡುವುದೇ ನಿಂತುಹೋಗಿತ್ತು. ಕೆಲವು ಹೆಂಗಸರು ಬರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ಬಂದವರಲ್ಲಿ ಅರ್ಧ ಜನ ಮಾತಾಡುವುದಕ್ಕಿಂತ ಗೋಡೆಗೆ ಒರಗಿ ಕಣ್ಣು ಮುಚ್ಚುವುದನ್ನೇ ಬಯಸುತ್ತಿದ್ದರು. ಅವರನ್ನು ಎಬ್ಬಿಸಿ "ನಿಮಗೇನನ್ನಿಸುತ್ತೆ" ಎಂದು ಕೇಳುವಷ್ಟು ಕಲ್ಲುಮನಸ್ಸು ನನಗೆ ಬರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಆ ಹೆಂಗಸು ನಮ್ಮ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ಬಿಸಿಲಿಗೆ ಸೆರಗು ತಲೆಗೆ ಹೊದ್ದಿದ್ದರು.

"ಪಕ್ಕದ್ ಬೀದಿಗೆ ಹೋಗ್ತಿದ್ದೀರಂತೆ ಮೇಡಂ. ನಮ್ ಬೀದಿಗೆ ಯಾವಾಗ?"

"ದೀಪಾವಳಿ ಆಗ್ಲಿ, ಬರ್ತೀನಿ."

"ಅಷ್ಟೊಂದ್ ದಿನಾನಾ?"

"ಓದಿಗೆ ಸಂಬಂಧಪಟ್ಟಿದ್ದು ಅಮ್ಮ. ಒಂದ್ ಕ್ರಮ ಇದೆ."

"ಸರಿ ಮೇಡಂ," ಎಂದರು. ಸ್ವಲ್ಪವೂ ಬೇಜಾರು ತೋರಿಸಲಿಲ್ಲ. ಬಿಸಿಲಲ್ಲಿ ನಡೆದು ಹೋದರು. ನಾನು ಒಳಗೆ ಬಂದು ಮುಂದಿನ ಪೀರಿಯಡ್ ತೆಗೆದುಕೊಂಡೆ. ಬೋರ್ಡಿನ ಮೇಲೆ ಒಂದು ಸುಲಭದ ಸಮೀಕರಣ ತಪ್ಪಿತು, ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಸರಿಪಡಿಸಿದಳು.

ಆ ಶನಿವಾರ ತರಗತಿ ಮುಗಿದ ಮೇಲೆ ಗೈಡ್ ಮೇಡಂಗೆ ವಿಷಯ ಹೇಳಿದೆ. ಅವರು ಬ್ಯಾಗಿಗೆ ಪುಸ್ತಕ ತುಂಬುತ್ತಿದ್ದರು. ಕೈ ನಿಂತಿತು.

"ಕಷ್ಟದಲ್ಲಿದ್ದಾರೆ ಅಂತ ನಿಮಗೆ ಅನ್ನಿಸ್ತಾ?"

"ಅನ್ನಿಸ್ತು."

"ಮತ್ತೆ ಕಾಯಿರಿ ಅಂತ ಯಾಕಂದ್ರಿ?"

"ಅವ್ರ ಮಾತು ಕೇಳಿದ್ರೆ ಕಂಟ್ರೋಲ್ ಗ್ರೂಪ್ ಕೆಡಲ್ವಾ ಮೇಡಂ?"

"ಕೆಡುತ್ತೆ. ಕೆಟ್ರೆ ಕೆಡ್ಲಿ. ಯಾರಾದ್ರೂ ಸಂಕಟ ಹೇಳ್ಕೊಂಡ್ ಬಂದ್ರೆ ಅಧ್ಯಯನ ಪಕ್ಕಕ್ಕಿಡ್ತೀವಿ ಅಂತ ಸಮಿತಿ ಮುಂದೆ ನೀವೇ ಹೇಳಿದ್ರಲ್ಲ. ನಾಳೇನೇ ಹೋಗಿ."

ಅವರು ಬೈಯುವ ದನಿಯಲ್ಲಿ ಹೇಳಲಿಲ್ಲ, ಆಯಾಸದ ದನಿಯಲ್ಲಿ ಹೇಳಿದರು. ಇಬ್ಬರೂ ಬಸ್ ಸ್ಟಾಪಿನವರೆಗೆ ಒಟ್ಟಿಗೆ ನಡೆದೆವು.

ಮಾರನೆಯ ದಿನ ಹೋದೆ. ಮಗ್ಗ ಓಡುತ್ತಿತ್ತು. ಅವರು ಕಾಫಿ ಕೊಟ್ಟರು. ಹಿಂದಿನ ಕೋಣೆಯಲ್ಲಿ ಎದುರುಬದುರು ಕೂತೆವು. ಮಾತಾಡುವ ಹಾಗೇ ಇರಲಿಲ್ಲ. ಎದ್ದು ಎಲ್ಲಾದರೂ ಹೊರಗೆ ಹೋಗೋಣ ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಬೀದಿಯೇ ಒಮ್ಮೆಲೇ ಸುಮ್ಮನಾಯಿತು. ಎಲ್ಲೋ ಕೋಳಿ ಕೂಗಿದ್ದು, ಯಾರೋ ಬಕೆಟ್ ಇಟ್ಟಿದ್ದು ಕೇಳಿಸಿತು. ಗಂಡ ಬೀಡಿ ಹಚ್ಚಿಕೊಂಡು ಜಗಲಿಗೆ ಹೋದರು.

ಅವರು ಶುರು ಮಾಡಿದರು. ಹೋದ ವರ್ಷ ಅವರ ಅತ್ತೆ ಹಿತ್ತಿಲಿನ ಬಚ್ಚಲ ಹತ್ತಿರ ಜಾರಿ ಬಿದ್ದರಂತೆ. ಇವರು ಮುಂದಿನ ಕೋಣೆಯಲ್ಲಿ ನೂಲು ಸುತ್ತುತ್ತಿದ್ದರು. ಅತ್ತೆ ಕೂಗಿದರು. ಇವರಿಗೆ ಕೇಳಲಿಲ್ಲ. ಹಿಂದಿನ ಮನೆಯಾಕೆ ಕೊನೆಗೆ ಸುತ್ತಿ ಬಂದು, "ಅಜ್ಜಿ ಆಗ್ಲಿಂದ ಕೂಗ್ತವ್ರೆ, ನಿಮ್ಗೆ ಕೇಳಿಸ್ಲಿಲ್ವಾ?" ಎಂದಳಂತೆ. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅತ್ತೆ ಮನೆಗೆ ಬರಲಿಲ್ಲ.

"ಯಾರೂ ಬೈಲಿಲ್ಲ ಮೇಡಂ. ನಮ್ಮನೇವ್ರೂ ಒಂದ್ ಮಾತು ಅನ್ಲಿಲ್ಲ. ಮಗ್ಗದ್ ಸದ್ದಲ್ಲಿ ಏನ್ ಕೇಳತ್ತೆ ಅಂದ್ರು. ಆದ್ರೆ ಮಗ್ಗದ್ ಮನೆಯವ್ರಿಗೆ ಕೇಳತ್ತೆ ಮೇಡಂ. ಮಗ್ಗ ಓಡ್ತಿದ್ರೂ ಮಗು ಅತ್ರೆ ಗೊತ್ತಾಗತ್ತೆ. ಹಾಲು ಉಕ್ಕಿದ್ರೂ ಗೊತ್ತಾಗತ್ತೆ. ಹಿಂದಿನ್ ಮನೆಯವ್ಳಿಗೇ ಕೇಳ್ತು. ಅವ್ಳ ಮನೇಲೂ ಮಗ್ಗ ಐತೆ."

ನಾನು ಏನೋ ಕೇಳಿದೆ. ಅವರಿಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ.

"ಅವತ್ತು ಬೆಳಿಗ್ಗೆ ಅತ್ತೆಗೂ ನಂಗೂ ಜಗಳ ಆಗಿತ್ತು," ಎಂದರು. "ಸಣ್ಣ ಜಗಳ. ಉಪ್ಪಿಟ್ಟಿಗೆ ನೀರ್ ಜಾಸ್ತಿ ಆಯ್ತು ಅಂತ. ಕೇಳಿಸಿತ್ತೇನೋ ಮೇಡಂ. ಕೂಗ್ಲಿ ಬಿಡು ಅಂತ ನಾನೇ ಸುಮ್ನೆ ಕೂತಿದ್ನೇನೋ. ಅದು ನಂಗೇ ಗೊತ್ತಾಗ್ತಿಲ್ಲ. ಅತ್ತೆ ನನ್ನ ಕರೀತಿದ್ದಿದ್ದೇ ಅಮ್ಮಣ್ಣೀ ಅಂತ. ಅದು ಕಿವಿಗೆ ಬಿದ್ದಿತ್ತಾ, ಬಿದ್ದಿರಲಿಲ್ವಾ?"

ಅವರು ಅತ್ತರು. ನಾನು ಪಕ್ಕಕ್ಕೆ ಸರಿದು ಕೂತು ನೀರಿನ ಲೋಟ ಕೊಟ್ಟೆ. ಕರೆಂಟ್ ಬಂದು ಮಗ್ಗ ಶುರುವಾದ ಮೇಲೂ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಮುಖ ತೊಳೆದು ಬಂದು, "ಇನ್ನೊಂದ್ ಭಾನುವಾರ ಬರ್ತೀರಾ?" ಎಂದರು. ಬರುತ್ತೇನೆಂದೆ.

ಇಂಥದ್ದು ಗುಟ್ಟಾಗಿ ಉಳಿಯುವುದಿಲ್ಲ. ಕೊನೆಯ ಮನೆಗೆ ಮೇಡಂ ಬಂದರು ಎಂದು ತಿಳಿದು ಪಕ್ಕದ ಮನೆಯವರೂ ಕರೆದರು, ಅವರ ಎದುರಿನವರೂ ಕರೆದರು. ದೀಪಾವಳಿ ಬರುವ ಹೊತ್ತಿಗೆ ನನ್ನ ಕಂಟ್ರೋಲ್ ಗ್ರೂಪಿನಲ್ಲಿ ಕಾಯುತ್ತಿದ್ದವರು ಯಾರೂ ಉಳಿದಿರಲಿಲ್ಲ. ಗೈಡ್ ಮೇಡಂ ನನ್ನ ಹಾಳೆಗಳನ್ನು ತಿರುವಿ ಹಾಕಿ ನಕ್ಕರು.

"ಈ ವಿನ್ಯಾಸ ಮುಗೀತು ಮೇಡಂ. ಬಿಟ್ಬಿಡಿ. ಸಂದರ್ಶನ ಮಾಡಿ, ಅವರೇನು ಹೇಳ್ತಾರೋ ಅದನ್ನ ಅಧ್ಯಯನ ಮಾಡಿ. ಇನ್ನೊಂದು ಸೆಮಿಸ್ಟರ್ ಹಿಡಿಯುತ್ತೆ."

ಇನ್ನೊಂದು ಸೆಮಿಸ್ಟರ್ ಎಂದಾಗ ನನಗೆ ಕಣ್ಣಲ್ಲಿ ನೀರೇ ಬಂತು. ದುಃಖಕ್ಕಲ್ಲ, ಸುಸ್ತಿಗೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಕಾರ್ಖಾನೆಗೆ ಹೊರಡುವ ಆತುರದಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದರು.

"ಬಿಟ್ಬಿಡೋ ಹಂಗಿದ್ರೆ ಈಗ್ಲೇ ಬಿಟ್ಬಿಡು," ಎಂದರು. "ಮಾಡೋ ಹಂಗಿದ್ರೆ ದಿನಾ ನನ್ ಮುಂದೆ ಗೊಣಗ್ಬೇಡ ಕಣೇ. ಅನ್ನ ನಾನ್ ಇಟ್ಕೋತೀನಿ."

ಅನ್ನ ಅವರೇ ಇಟ್ಟರು. ಗೊಣಗುವುದನ್ನು ನಾನು ಬಿಡಲಿಲ್ಲ.

ಸಂದರ್ಶನಗಳೆಲ್ಲ ಕರೆಂಟ್ ಹೋದಾಗಲೇ ನಡೆದವು. ಬೇರೆ ದಾರಿಯಿರಲಿಲ್ಲ. ಕರೆಂಟ್ ಇದ್ದರೆ ಅವರಿಗೆ ಕೆಲಸ, ನನ್ನ ಫೋನಿನ ರೆಕಾರ್ಡಿಂಗಿನಲ್ಲಿ ಬರೀ ಲಾಳಿಯ ಬಡಿತ. ಯಾವುದೋ ಲೈನ್ ರಿಪೇರಿ ಎಂದು ಗೊತ್ತಾದರೆ ಹೆಂಗಸರು ಫೋನ್ ಮಾಡುತ್ತಿದ್ದರು, "ಮೇಡಂ, ಹೋಯ್ತು, ಬನ್ನಿ." ಶಾಲೆ ಬಿಟ್ಟ ಮೇಲಾದರೆ ಓಡುತ್ತಿದ್ದೆ. ಎಷ್ಟೋ ಸಲ ನಾನು ಬೀದಿ ತಿರುವಿಗೆ ಬರುವಷ್ಟರಲ್ಲಿ ಕರೆಂಟ್ ಬಂದು, ಸದ್ದು ಶುರುವಾಗಿ, ಹಾಗೇ ವಾಪಸ್ ಬಂದದ್ದುಂಟು. ಪ್ರಬಂಧದಲ್ಲಿ ಇದನ್ನೆಲ್ಲ ಹೇಗೆ ಬರೆಯಲಿ ಎಂದು ಗೈಡ್ ಮೇಡಂ ಅವರನ್ನು ಕೇಳಿದೆ. "ಇದ್ದದ್ದು ಇದ್ದಹಾಗೆ ಬರೀರಿ. ಅದೇ ನಿಮ್ಮ ವಿಧಾನ" ಎಂದರು.

ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುವ ಕೆಲಸ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಒಂದೊಂದು ಮಾತಿಗೂ ನಿಲ್ಲಿಸು, ಹಿಂದಕ್ಕೆ ಹೋಗು, ಮತ್ತೆ ಕೇಳು. ಅರ್ಧ ಕನ್ನಡ, ದುಃಖ ಬಂದಾಗ ಅವರ ಮನೆಮಾತು ತೆಲುಗು. ಬೆಳಗಿನ ಜಾವ ಎದ್ದು ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಬರೆಯುತ್ತಿದ್ದೆ. ಕೊನೆಯ ಮನೆಯಾಕೆಯ ಮಾತುಗಳನ್ನು ಬರೆಯುವಾಗ ಒಂದು ವಿಚಿತ್ರ ಕಂಡಿತು. ನನ್ನದೇ ದನಿ ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಕೇಳುತ್ತಿತ್ತು. ಉಳಿದವರ ರೆಕಾರ್ಡಿಂಗಿನಲ್ಲಿ ಹಾಗಿರಲಿಲ್ಲ. ಮಗ್ಗ ನಿಂತು, ಬೀದಿಯೇ ನಿಶ್ಶಬ್ದವಾಗಿದ್ದಾಗಲೂ ಅವರಿಗೆ ನನ್ನ ಮಾತು ಒಂದೇ ಸಲಕ್ಕೆ ಕೇಳುತ್ತಿರಲಿಲ್ಲ. ಎದುರಿಗೆ ಕೂತಿದ್ದಾಗ ಇದು ನನಗೆ ಹೊಳೆದಿರಲೇ ಇಲ್ಲ.

ಮುಂದಿನ ಸಲ ಹೋದಾಗ ಕೇಳಿದೆ. "ಕಿವಿ ಯಾವತ್ತಾದ್ರೂ ತೋರಿಸಿದ್ದೀರಾ?"

"ಕಿವಿಗೇನಾಗಿದೆ?" ಎಂದರು.

ತಾಲ್ಲೂಕು ಆಸ್ಪತ್ರೆಯಿಂದ ಬೆಂಗಳೂರಿಗೆ ಕಳಿಸಿದರು. ಗಂಡ ಹೆಂಡತಿ ರೈಲಿನಲ್ಲಿ ಹೋಗಿಬಂದರು. ಸದ್ದೇ ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರಂತೆ. ಎರಡೂ ಕಿವಿ ಮಂದವಾಗಿತ್ತು, ಅದೂ ವರ್ಷಗಳಿಂದ. ನಿಧಾನವಾಗಿ ಆದದ್ದರಿಂದ ಅವರಿಗೇ ತಿಳಿದಿರಲಿಲ್ಲ. ಎಲ್ಲರೂ ಕೂಗಿ ಮಾತಾಡುವ ಬೀದಿಯಲ್ಲಿ ಬೇರೆಯವರಿಗೂ ತಿಳಿಯಲಿಲ್ಲ. ಬಂದ ದಿನವೇ ಸಂಜೆ ನಮ್ಮ ಮನೆಗೆ ಬಂದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಹೇಳಿದರು.

"ಡಾಕ್ಟ್ರನ್ನ ಕೇಳ್ದೆ ಮೇಡಂ. ಹಿತ್ಲಿಂದ ಒಬ್ರು ಕೂಗಿದ್ರೆ ನಂಗೆ ಕೇಳ್ತಿತ್ತಾ ಸಾರ್ ಅಂತ. ಕಷ್ಟ ಅಮ್ಮ, ಮಗ್ಗ ನಿಂತಿದ್ರೂ ಕೇಳ್ತಿರಲಿಲ್ಲ ಅಂದ್ರು. ನಂಗೆ ನಗು ಬಂದ್ಬಿಡ್ತು. ಕಿವಿ ಹೋಗಿದೆ ಅಂದ್ರೆ ನಗ್ತಾಳಲ್ಲ ಇವ್ಳು ಅಂತ ಡಾಕ್ಟ್ರು ನಮ್ಮನೇವ್ರ ಮುಖ ನೋಡಿದ್ರು."

ಹೇಳುತ್ತಲೇ ಮತ್ತೆ ನಕ್ಕರು, ಕಣ್ಣೊರೆಸಿಕೊಂಡರು. ನಾನು ಒಳಗೆ ಕರೆದು ಕೂರಿಸಿದೆ. ಕಿವಿ ಕೆಟ್ಟದ್ದು ಒಬ್ಬರಿಗೆ ಇಷ್ಟು ಸಮಾಧಾನ ಕೊಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹಾಗೆಂದು ಎಲ್ಲವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ತಿಂಗಳ ಮೇಲೆ ಮತ್ತೊಮ್ಮೆ, "ಜಗಳ ಆಡಿದ್ದಂತೂ ನಿಜ ಅಲ್ವಾ ಮೇಡಂ" ಎಂದು ಕೇಳಿದರು. ನಿಜ ಎಂದೆ. ಅದರ ಬಗ್ಗೆ ಮಾತಾಡುವುದಕ್ಕೆ ಇನ್ನೂ ಕೆಲವು ಭಾನುವಾರಗಳು ಬೇಕಾದವು. ಅಷ್ಟರಲ್ಲಿ ಅವರಿಗೆ ಕಿವಿಯ ಮೆಷಿನ್ ಬಂದಿತ್ತು. ಮಗ್ಗದ ಮುಂದೆ ಅದನ್ನು ತೆಗೆದಿಟ್ಟು, ಅಡುಗೆ ಮನೆಗೆ ಬಂದಾಗ ಹಾಕಿಕೊಳ್ಳುತ್ತಿದ್ದರು.

ಪ್ರಬಂಧ ಹೇಗೋ ಮುಗಿಯಿತು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ಕನ್ನಡಕ ಹಣೆಗೇರಿಸಿ ಪುಟ ತಿರುವಿದರು.

"ಹೋಲಿಸಕ್ಕೆ ಇನ್ನೊಂದು ಗುಂಪೇ ಇಲ್ವಲ್ಲ. ನಿಮ್ಮ ಕೆಲಸದಿಂದಲೇ ಇವರಿಗೆ ಒಳ್ಳೇದಾಯ್ತು ಅಂತ ಹೇಗೆ ಹೇಳ್ತೀರಾ?"

"ಹೇಳಕ್ಕಾಗಲ್ಲ ಸರ್."

"ಮತ್ತೇನು ಹೇಳ್ತೀರಾ?"

"ಏನು ಕೇಳಿಸ್ಕೊಂಡೆ, ಯಾವ ಪರಿಸ್ಥಿತೀಲಿ ಕೇಳಿಸ್ಕೊಂಡೆ, ಅಷ್ಟು ಮಾತ್ರ ಹೇಳ್ತೀನಿ."

ಅವರು ಗೈಡ್ ಮೇಡಂ ಕಡೆ ನೋಡಿದರು. ಗೈಡ್ ಮೇಡಂ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ನೋಡುತ್ತಿದ್ದರು. ಆ ಪ್ರಾಧ್ಯಾಪಕರು ಇನ್ನೆರಡು ಪ್ರಶ್ನೆ ಕೇಳಿ ಕಳಿಸಿದರು. ಪಾಸಾದೆ. ಹೇಳಿಕೊಳ್ಳುವಂಥ ಅಂಕವೇನಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಸಂತೋಷ ಬರುತ್ತದೆಂದು ಕಾದೆ. ನಿದ್ದೆ ಬಂತು. ಕಂಡಕ್ಟರ್ ಎಬ್ಬಿಸಿ ಇಳಿಸಿದರು.

ಈಗ ಶಾಲೆಯಲ್ಲಿ ಗಣಿತದ ಪೀರಿಯಡ್‌ಗಳು ಹಾಗೇ ಇವೆ. ಅದರ ಜೊತೆಗೆ ಸ್ಟೋರ್ ರೂಮಿನಲ್ಲಿ ನನಗೊಂದು ಮೇಜು, ಎರಡು ಕುರ್ಚಿ ಕೊಟ್ಟಿದ್ದಾರೆ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿಯರು ಅಲ್ಲಿಗೆ ಬರುತ್ತಾರೆ.

ಹೋದ ಬೇಸಿಗೆಯಲ್ಲಿ ಆ ಕೊನೆಯ ಮನೆಯಾಕೆ ತಮ್ಮ ಮಗಳ ಸೀಮಂತಕ್ಕೆ ಕರೆದರು. ಮೌಲ್ಯಮಾಪನದ ಉತ್ತರಪತ್ರಿಕೆಗಳು ರಾಶಿ ಬಿದ್ದಿದ್ದವು, ಹೋಗಲಾರೆ ಅನ್ನಿಸಿತು. ಆದರೂ ಹೋದೆ. ಬಸುರಿ ಹುಡುಗಿ ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅರಿಶಿನ ಕುಂಕುಮ ಹಚ್ಚಿ ಬಳೆ ತೊಡಿಸಿದೆ. ಬಾಳೆ ಎಲೆಯ ಊಟ, ಒಬ್ಬಟ್ಟು, ಕೋಸಂಬರಿ. ಅವರ ಮನೆಯ ಮಗ್ಗ ಅವತ್ತು ನಿಂತಿತ್ತು, ಅಕ್ಕಪಕ್ಕದವರದು ನಡೆದೇ ಇತ್ತು. ಊಟವಾದ ಮೇಲೆ ಹೆಂಗಸರ ಜೊತೆ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತೆ. ಯಾರೋ ಏನೋ ಹೇಳುತ್ತಿದ್ದರು. ಹೂಂ ಎನ್ನುತ್ತಾ ಎನ್ನುತ್ತಾ ಅಷ್ಟು ಸದ್ದಿನಲ್ಲೇ ಹಾಗೇ ನಿದ್ದೆ ಹೋಗಿಬಿಟ್ಟೆ.

ಎಚ್ಚರವಾದಾಗ ಸಂಜೆಯಾಗಿತ್ತು. ತಲೆಯ ಕೆಳಗೆ ದಿಂಬು, ಮೈಮೇಲೆ ಒಂದು ತೆಳು ಸೀರೆ ಹೊದಿಸಿದ್ದರು. ಬಂದವರೆಲ್ಲ ಹೋಗಿಯಾಗಿತ್ತು. ಅವರು ಎದುರಿಗೆ ಕೂತು ವೀಳ್ಯದೆಲೆ ಜೋಡಿಸುತ್ತಿದ್ದರು. ನಾನು ಗಾಬರಿಯಿಂದ ಎದ್ದು ಕೂತೆ.

"ಎಬ್ಬಿಸ್ಬಾರ್ದಿತ್ತಾ?" ಎಂದೆ.

"ಯಾಕ್ ಎಬ್ಬಿಸ್ಲಿ, ಮಲಗಿ ಮೇಡಂ," ಎಂದರು. "ಕಾಫಿಗೆ ಇಡ್ತೀನಿ."